ವಾಟ್ಸಾಪ್ ಆರ್ಡರ್, ಸುಳ್ಳು ಪೇಮೆಂಟ್, ಎಪಿಕೆ ಫೈಲ್: ಹೆಂಗ ಗುರುತು ಹಿಡಿಯೋದು?

ಕೇಳಿದವರು, ಇಳಕಲ್: ಮನ್ಯಾಗಿಂದನ ಇಳಕಲ್ ಸೀರಿ ಮಾರತೀನ್ರಿ, ಆರ್ಡರ್ ಎಲ್ಲಾ ವಾಟ್ಸಾಪ್‌ನ್ಯಾಗ. "ರೊಕ್ಕ ಹಾಕೀನಿ" ಅಂತ ಸ್ಕ್ರೀನ್‌ಶಾಟ್ ಕಳಸತಾರ. ಕೆಲವ್ರು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿದ್ರ ರೊಕ್ಕ ಬರತೈತಿ ಅಂತಾರ. ಊರಾಗ ಅಪ್ಪನ ಫೋನಿಗೆ ಪಿಎಂ ಕಿಸಾನ್ ಕಂತಿನ ಹೆಸರಲೆ ಏನೇನೋ ಫೈಲ್ ಬರಾಕತ್ತಾವ. ಖರೆ ಯಾವುದು, ಸುಳ್ಳು ಯಾವುದು ಹೆಂಗ ತಿಳಿಯೋದು? ಬಲ್ಲವ್ರು ಹೇಳ್ರಿ.

ಸೀರಿ ವ್ಯಾಪಾರ, ಬನಹಟ್ಟಿ: ಅಕ್ಕಾರ, ಸ್ಕ್ರೀನ್‌ಶಾಟ್ ಅಂದ್ರ ಬರೇ ಚಿತ್ರ. ಹಸಿರು ಟಿಕ್, ಟೈಮು, 12 ಅಂಕಿ ಯುಟಿಆರ್ ನಂಬರು (ರೊಕ್ಕ ಕಳಿಸಿದ್ದರ ಗುರ್ತಿನ ನಂಬರು) ಹಾಕಿ ಖರೇದ್ದರಂಗನ ತಯಾರು ಮಾಡೋ ಸುಳ್ಳು ಆ್ಯಪ್ ಅದಾವ. ನಿಮ್ಮ ಆ್ಯಪ್ ತಗದು ನಿಮ್ಮ ಬ್ಯಾಲೆನ್ಸ್ ನೋಡ್ರಿ, ಅಲ್ಲಿ ಜಮಾ ಆಗೂತನಕ ಪಾರ್ಸಲ್ ಕಟ್ಟಬ್ಯಾಡ್ರಿ. "ಸರ್ವರ್ ಡೌನ್ ಐತಿ, ಸಂಜೀಕ ಬರತೈತಿ" ಅಂದ್ರ, ಸೀರೀನೂ ಸಂಜೀಕನ ಕಳಸ್ತೀನಿ ಅನ್ನರಿ.

ದೊಡ್ಡ ಆರ್ಡರಿನ ಮೋಸ ಮಾತಿನ್ಯಾಗನ ಗೊತ್ತಾಗತೈತಿ. ಖರೆ ಗಿರಾಕಿ ದಡಿ ಗೋಮಿದೋ ಚಿಕ್ಕಿದೋ, ಟೋಪ್ ತೆನಿ ಸೆರಗು ಶುದ್ಧ ರೇಷ್ಮಿದೋ ಅಲ್ಲೋ ಕೇಳತಾರ, ಐವತ್ತು ರೂಪಾಯಿಗೆ ಚೌಕಾಸಿ ಮಾಡತಾರ. ಮೋಸದವ ಏನೂ ಕೇಳಂಗಿಲ್ಲ. "20 ಸೀರಿ ಬೇಕು, ಮಿಲಿಟರಿಯಾಗ ಅದೀನಿ" ಅಂತ ಐಡಿ ಕಾರ್ಡ್ ಫೋಟೊ ಕಳಸತಾನ. ಆಮ್ಯಾಲ "ನಮ್ಮ ಅಕೌಂಟಿನ ಪದ್ಧತಿ ಬ್ಯಾರೆ, ನೀವು 1 ರೂಪಾಯಿ ಹಾಕ್ರಿ, ನಾವು 2 ಹಾಕತೀವಿ" ಅಂತಾನ. ಆ 2 ರೂಪಾಯಿ ಖರೇನ ಬರತೈತಿ, ನಿಮಗ ನಂಬಿಕಿ ಬರಲಿ ಅಂತ. ಅದರ ಮುಂದಿನ ಕ್ಯೂಆರ್ ನಿಮ್ಮ ಖಾತೆ ಖಾಲಿ ಮಾಡೋದು.

ಇನ್ನೊಂದು: 1,800ರ ಸೀರಿಗೆ 18,000 ಹಾಕೀನಿ, ಸೊನ್ನಿ ಹೆಚ್ಚಾತು, ವಾಪಸ್ ಹಾಕ್ರಿ ಅಂತ ಅಳತಾರ. ಮೆಸೇಜು 10 ಅಂಕಿ ಮೊಬೈಲ್ ನಂಬರಿನಿಂದ ಬಂದಿದ್ರ ಅದು ಬ್ಯಾಂಕಿಂದಲ್ಲ. ಖರೇನ ಜಮಾ ಆಗಿದ್ರೂ ಅವ್ರು ಹೇಳಿದ ಬ್ಯಾರೆ ನಂಬರಿಗೆ ಹಾಕಬ್ಯಾಡ್ರಿ, ನಿಮ್ಮ ಬ್ಯಾಂಕಿಗೆ ಬರದು ಕೊಡ್ರಿ. ಅದು ಯಾರದೋ ಕಳುವಾದ ರೊಕ್ಕ ಇರಬಹುದು. ಅವ್ರು ದೂರು ಕೊಟ್ರ ನಿಮ್ಮ ಖಾತೇನ ಹೋಲ್ಡ್ ಆಗತೈತಿ.

ಬ್ಯಾಂಕ್ ಕೆಲಸ, ವಿಜಯಪುರ: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಯುಪಿಐ ಪಿನ್ ಒತ್ತುವುದು ಹಣ ಕೊಡುವಾಗ ಇಲ್ಲವೇ ಬ್ಯಾಲೆನ್ಸ್ ನೋಡುವಾಗ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ. "ಪಡೆಯಲು ಪಿನ್ ಒತ್ತಿ" ಎಂದವರ ಫೋನ್ ಅಲ್ಲಿಗೇ ಇಡಿ.

ವ್ಯಾಪಾರಕ್ಕೆ ಬೇರೆ ಖಾತೆ ತೆಗೆಯಿರಿ. ಕ್ಯೂಆರ್ ಅದಕ್ಕೆ ಮಾತ್ರ ಜೋಡಿಸಿ, ದಿನದ ಜಮೆಯನ್ನು ರಾತ್ರಿ ಇನ್ನೊಂದು ಖಾತೆಗೆ ವರ್ಗಾಯಿಸಿ. ಖಾತೆ ಹೋಲ್ಡ್ ಆದರೂ ಮನೆ ಖರ್ಚು ನಿಲ್ಲುವುದಿಲ್ಲ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಡೆಬಿಟ್ ಕಾರ್ಡಿನ ಹಿಂಬದಿ ನೋಡಿ. ಎನಿಡೆಸ್ಕ್‌ನಂಥ ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಎಂದು ಬ್ಯಾಂಕಿನವರು ಹೇಳುವುದಿಲ್ಲ.

ಮೊಬೈಲ್ ರಿಪೇರಿ, ಬಾಗಲಕೋಟೆ: ಅಪ್ಪಾರ ಫೋನಿನ ಮಾತು ನಾ ಹೇಳತೀನ್ರಿ. ಫೈಲಿನ ಹೆಸರು ನೋಡ್ರಿ. ಪಿಎಂ ಕಿಸಾನ್, ಆರ್‌ಟಿಒ ಚಲನ್, ಮದುವಿ ಕಾರ್ಡ್, ಏನರ ಇರಲಿ, ಕಡೀಕ "ಡಾಟ್ ಎಪಿಕೆ" ಇತ್ತಂದ್ರ ಅದು ಕಾಗದ ಅಲ್ಲ, ಆ್ಯಪ್. ಗುರ್ತಿನವ್ರ ನಂಬರಿಂದ ಬಂದ್ರೂ ಮುಟ್ಟಬ್ಯಾಡ್ರಿ, ಅವ್ರ ಫೋನು ಮೊದಲ ಕೆಟ್ಟಿರತೈತಿ, ಅದು ತಾನ ಎಲ್ಲಾರಿಗೂ ಕಳಸತೈತಿ. ಹಾಕಿದ ಕೂಡಲೆ ಎಸ್‌ಎಂಎಸ್ ಪರ್ಮಿಶನ್ ಕೇಳತೈತಿ. ಕೊಟ್ರ ಒಟಿಪಿ ಎಲ್ಲಾ ಅವ್ರಿಗೆ ಹೋಗತಾವ, ಐಕಾನ್ ಪರದೆ ಮ್ಯಾಲಿಂದ ಮಾಯ ಆಗತೈತಿ. ಅದಕ್ಕ "ಅಂಥಾ ಆ್ಯಪ್ ಏನೂ ಕಾಣವಲ್ದು" ಅಂತ ಸುಮ್ಮನಾಗಬ್ಯಾಡ್ರಿ.

ಇವತ್ತ ಸೆಟ್ಟಿಂಗ್ಸ್‌ನ್ಯಾಗ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಹುಡುಕಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಬಂದ್ ಮಾಡ್ರಿ. ಎರಡು ನಿಮಿಷದ ಕೆಲಸ. ಪ್ಲೇ ಸ್ಟೋರಿನ್ಯಾಗ ಕೆಟ್ಟ ಆ್ಯಪ್ ಹುಡುಕೋ ಪ್ಲೇ ಪ್ರೊಟೆಕ್ಟ್ ಚಾಲೂ ಇರಲಿ.

ಹಾಕಿಬಿಟ್ಟಿದ್ರ ಮೊದಲ ಏರ್‌ಪ್ಲೇನ್ ಮೋಡ್, ವೈಫೈನೂ ಬಂದ್. ಸಿಮ್ ತಗದು ಒಂದು ಸಾದಾ ಕೀಪ್ಯಾಡ್ ಫೋನಿಗೆ ಹಾಕ್ರಿ, ಅದರಿಂದನ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ, ಕಾರ್ಡು ಬಂದ್ ಮಾಡಸ್ರಿ. ##002# ಒತ್ತಿದ್ರ ಕಾಲ್ ಫಾರ್ವರ್ಡಿಂಗ್ ಎಲ್ಲಾ ರದ್ದಾಗತೈತಿ. ಕೆಟ್ಟ ಫೋನಿನ್ಯಾಗಿನ ಫೋಟೊ ಬ್ಯಾರೆ ಕಡೆ ಇಟ್ಟು ಫ್ಯಾಕ್ಟರಿ ರೀಸೆಟ್ ಮಾಡ್ರಿ. ಬರೇ ಅನ್‌ಇನ್‌ಸ್ಟಾಲ್ ಸಾಲಂಗಿಲ್ಲ, ಕೆಲವು ಆ್ಯಪ್ ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಅನ್ನೋ, ಫೋನನ್ನ ತಮ್ಮ ಕೈಗೆ ತಗೊಳ್ಳೋ ಪರ್ಮಿಶನ್ ಹಿಡಕೊಂಡು ಕುಂತಿರತಾವ. ರೀಸೆಟ್‌ಗಿಂತ ಮೊದಲ ಆ ಫೈಲಿನ ಮೆಸೇಜು, ಕಳಿಸಿದ ನಂಬರು ಕಾಣೂಹಂಗ ಇನ್ನೊಂದು ಫೋನಲೆ ಫೋಟೊ ಹೊಡ್ಕೋರಿ, ದೂರಿಗೆ ಬೇಕಾಗತೈತಿ.

ವಕೀಲರು, ಬೆಳಗಾವಿ: ಹಣ ಹೋಗಿದ್ದರೆ ಠಾಣೆಗೆ ಹೋಗುವ ಮೊದಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ನಿಮಿಷಗಳಲ್ಲಿ ಮೂರು ನಾಲ್ಕು ಖಾತೆ ದಾಟುತ್ತದೆ. ನಡುವೆ ಎಲ್ಲಿ ಸಿಕ್ಕರೆ ಅಲ್ಲೇ ತಡೆಯುವ ವ್ಯವಸ್ಥೆ ಅದು. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಯುಟಿಆರ್, ಮೊತ್ತ, ಸಮಯ ಕೈಯಲ್ಲಿರಲಿ. ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ.

ಬ್ಯಾಂಕಿಗೆ ಲಿಖಿತ ದೂರು ಅದೇ ದಿನ ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್‌ಬಿಐನ 2017ರ ಜುಲೈ ಸುತ್ತೋಲೆ ಪ್ರಕಾರ ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನೀವೇ ಪಿನ್, ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ಆಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿರುವುದೂ ದುಬಾರಿ.

ಪೊಲೀಸರೆಂದು ಹೆದರಿಸಿ ವಿಡಿಯೊ ಕಾಲ್‌ನಲ್ಲಿ ಮಾಡುವ "ಡಿಜಿಟಲ್ ಅರೆಸ್ಟ್" ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ, ಅಷ್ಟೇ.

ಕೇಳಿದವರು, ಇಳಕಲ್: ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಪ್ಪ ಹೆಬ್ಬೆಟ್ಟು ಒತ್ತಿ ರೊಕ್ಕ ತಗೀತಾರ. ಅದಕ್ಕೇನು ಮಾಡೋದು?

ಬ್ಯಾಂಕ್ ಕೆಲಸ, ವಿಜಯಪುರ: ಆಧಾರ್ ಸೈಟಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ, ಬೆರಳಚ್ಚು ನಕಲು ಮಾಡಿದವರಿಗೂ ಹಣ ಬರುವುದಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು. ಒಂದು ನೆನಪಿರಲಿ, ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಅಪ್ಪಾಜಿ ಹಣ ತೆಗೆಯುವ ಅಂಗಡಿ ತಲುಪಿದ ಮೇಲೆ ನಿಮಗೆ ಫೋನ್ ಮಾಡಲಿ, ನೀವು ಅನ್‌ಲಾಕ್ ಮಾಡಿ, ಅವರು ಹಣ ಎಣಿಸಿಕೊಂಡ ಮೇಲೆ ಮತ್ತೆ ಲಾಕ್ ಮಾಡಿ. ಅಂಗಡಿಯವರು "ಬರಲಿಲ್ಲ, ಇನ್ನೊಮ್ಮೆ ಒತ್ರಿ" ಎಂದರೆ, ಮೊದಲ ಸಲದ ಚೀಟಿ ಕೇಳಿದ ಮೇಲೆಯೇ ಒತ್ತಲಿ.