ಗಣಿ ಮಣ್ಣು ಹರಿದು ಬಂದ ಹೊಲದಲ್ಲಿ ಸಸಿ ಉಳಿಯುತ್ತಿಲ್ಲ, ದಾರಿ ಹೇಳಿ

ಕೆಂಪುಹೊಲ, ಸಂಡೂರು ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಇಳಿಜಾರು ಹೊಲ. ಮೇಲ್ಗಡೆ ಹಳೇ ಗಣಿಯೊಂದರ ಮಣ್ಣಿನ ಗುಡ್ಡೆ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಅದೂ ಬಂದ್ ಆಯಿತು, ಗುಡ್ಡೆ ಮಾತ್ರ ಹಾಗೇ ಉಳಿಯಿತು. ಜೋರು ಮಳೆ ಬಂದಾಗಲೆಲ್ಲ ಅದಿರಿನ ನುಣ್ಣನೆ ಪುಡಿ ನೀರಿನ ಜೊತೆ ಇಳಿದು ನಮ್ಮ ಹೊಲದಲ್ಲಿ ಕೂರುತ್ತದೆ. ಮುಂಚೆ ಜೋಳ, ಸಜ್ಜೆ ಬೆಳೆಯುತ್ತಿದ್ದ ಜಾಗ. ಈಗ ಬೆಳೆ ಆಸೆ ಬಿಟ್ಟಿದ್ದೇವೆ. ಹಿಂದೆ ಬದುಗಳ ಮೇಲೆ ಕಮರ, ತುಗ್ಗಲಿ, ಬನ್ನಿ, ತಂಗಡಿ ಗಿಡಮರಗಳು ಇದ್ದವು ಅಂತ ನಮ್ಮಪ್ಪ ಹೇಳುತ್ತಾರೆ. ಅವನ್ನೇ ಮತ್ತೆ ಎಬ್ಬಿಸಬೇಕು ಅಂತ ಮನೆಯವರೆಲ್ಲ ಸೇರಿ ಮನಸ್ಸು ಮಾಡಿದ್ದೇವೆ.

ಸಮಸ್ಯೆ ಏನಂದ್ರೆ, ಜೂನ್ ಮೊದಲ ಮಳೆಗೆ ನರ್ಸರಿಯಿಂದ ಹೊಂಗೆ, ಬೇವು, ಕಮರ ಸಸಿ ತಂದು ನೆಡುತ್ತೇವೆ. ಗುಂಡಿ ತೋಡುವುದು ಟ್ರ್ಯಾಕ್ಟರಿಗೆ ಹಾಕುವ ಡ್ರಿಲ್‌ನಿಂದ. ಜುಲೈವರೆಗೆ ಹಸಿರಾಗಿಯೇ ಇರುತ್ತವೆ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟ ಕೂಡಲೇ ಎಲೆ ಸುಟ್ಟ ಹಾಗಾಗಿ ಒಣಗುತ್ತವೆ. ಟ್ಯಾಂಕರ್ ನೀರು ಕೊಟ್ಟರೂ ಅಷ್ಟೇ. ಬಳ್ಳಾರಿ ಜಾಲಿ ಮಾತ್ರ ಕಡಿದಷ್ಟೂ ಚಿಗುರುತ್ತದೆ. ಮಣ್ಣು ವಿಷ ಆಗಿಬಿಟ್ಟಿದೆಯಾ? ಸಸಿ ಬದಲಾಯಿಸಬೇಕಾ?

ಬದುವಿನಬೇವು, ಕುಷ್ಟಗಿ

ಅಣ್ಣಾ, ಸಸಿ ಬದಲಾಯಿಸುವ ಮೊದಲು ಒಂದು ಕೆಲಸ ಮಾಡಿ. ಸತ್ತ ಸಸಿ ಒಂದನ್ನು ಆರಿಸಿಕೊಳ್ಳಿ. ಎಳೆದು ಕೀಳಬೇಡಿ. ಒಂದು ಅಡಿ ದೂರದಿಂದ ಹಾರೆ, ಸಲಿಕೆ ಹಿಡಿದು ಅಗೆಯುತ್ತಾ ಬನ್ನಿ, ಗುಂಡಿಯ ಗೋಡೆ ಅರ್ಧ ಸೀಳಿದ ಹಾಗೆ ಕಾಣಬೇಕು. ಬೇರು ಎಲ್ಲಿವರೆಗೆ ಹೋಗಿದೆ, ಗೋಡೆ ಹೇಗಿದೆ, ಗೆದ್ದಲು ಇದೆಯಾ, ನೋಡಿ ಬರೆಯಿರಿ. ಕಮರ ಸಸಿ ಆಗಿದ್ದರೆ ಬುಡದ ಹತ್ತಿರ ಉಗುರಿನಿಂದ ತೊಗಟೆ ಕೆರೆದು ನೋಡಿ.

ಕೆಂಪುಹೊಲ, ಸಂಡೂರು ತಾಲೂಕು

ನೋಡಿದೆ ಅಣ್ಣಾ. ಹೊಂಗೆ ಗುಂಡಿ ಸೀಳಿದಾಗ ಆಶ್ಚರ್ಯ ಆಯಿತು. ಒಳಗೆ ತುಂಬಿದ ಮಣ್ಣು ಸಡಿಲ, ಆದರೆ ಸುತ್ತ ಗೋಡೆ ಕೈಯಲ್ಲಿ ಸವರಿದರೆ ನುಣ್ಣಗೆ, ಸಾರಿಸಿದ ಹಾಗೆ ಹೊಳೆಯುತ್ತದೆ. ಬೇರು ಗೋಡೆವರೆಗೆ ಬಂದು ಅಲ್ಲೇ ತಿರುಗಿ ಗುಂಡಿಯ ಸುತ್ತ ಸುತ್ತಿಕೊಂಡಿದೆ. ಒಂದೂ ಆಚೆ ಹೋಗಿಲ್ಲ. ಪಾಕೀಟಿನೊಳಗೆ ಇದ್ದಾಗ ಸುರುಳಿ ಸುತ್ತಿದ್ದ ತಾಯಿಬೇರೂ ಹಾಗೇ ಇದೆ. ಗೆದ್ದಲು ಅಲ್ಲಲ್ಲಿ ಇದೆ, ಆದರೆ ಒಣಗಿದ ಕಡ್ಡಿಗೆ ಮಾತ್ರ. ಹೊಲದ ಮೇಲ್ಮೈ ಮಣ್ಣು ಅರ್ಧ ಇಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕಮರದ ಬುಡ ಕೆರೆದರೆ ಒಳಗೆ ಹಸಿರು ಇದೆ! ಮೇಲೆ ಪೂರ್ತಿ ಒಣಗಿ ಕಡ್ಡಿಯಾಗಿತ್ತು.

ಬದುವಿನಬೇವು, ಕುಷ್ಟಗಿ

ಹಾಗಾದರೆ ಕಮರ ಸತ್ತಿಲ್ಲ, ದಯವಿಟ್ಟು ಅವನ್ನು ಕೀಳಬೇಡಿ. ಕಮರದ ಸ್ವಭಾವವೇ ಹಾಗೆ. ಮೊದಲ ಕೆಲವು ವರ್ಷ ಮೇಲಿನ ಕಡ್ಡಿ ಬೇಸಿಗೆಯಲ್ಲಿ ಒಣಗುತ್ತದೆ, ಮಳೆಗೆ ಬುಡದಿಂದ ಮತ್ತೆ ಬರುತ್ತದೆ, ಅಷ್ಟರಲ್ಲಿ ತಾಯಿಬೇರು ಕೆಳಗೆ ಇಳಿಯುತ್ತಾ ಇರುತ್ತದೆ. ಎಷ್ಟೋ ಜನ ಸತ್ತಿದೆ ಅಂದುಕೊಂಡು ಅದೇ ಜಾಗಕ್ಕೆ ಬೇರೆ ಸಸಿ ನೆಡುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಇನ್ನು ನಿಮ್ಮ ಪ್ರಶ್ನೆ. ಕಬ್ಬಿಣ ಜಾಸ್ತಿ ಇದೆ ಅಂದ ಮಾತ್ರಕ್ಕೆ ಮಣ್ಣು ವಿಷ ಅಲ್ಲ, ಸಾಧಾರಣ ಮಣ್ಣಿನಲ್ಲಿ ಆ ಕಬ್ಬಿಣ ಕರಗುವುದಿಲ್ಲ. ತೊಂದರೆ ಬೇರೆ. ಅದರಲ್ಲಿ ಕೊಳೆತ ಎಲೆ, ಸಗಣಿಯ ಅಂಶ ಇಲ್ಲ, ಸಾರಜನಕ ಇಲ್ಲವೆಂಬಷ್ಟು ಕಡಿಮೆ, ಇರುವ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಕೇಳಿ ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ (ಪಿಎಚ್, ಅಂದ್ರೆ ಮಣ್ಣು ಹುಳಿಯೋ ಕ್ಷಾರವೋ ಅನ್ನುವುದು) ಮತ್ತು ಸಾವಯವ ಇಂಗಾಲ ಗೊತ್ತಾದರೆ ಸಾಕು.

ಸಸಿ ಸಾಯುತ್ತಿರುವುದು ಗುಂಡಿಯಿಂದ. ಮಳೆ ಬಿದ್ದು ಒದ್ದೆಯಾದ ನುಣ್ಣನೆ ಮಣ್ಣಿನಲ್ಲಿ ಡ್ರಿಲ್ ತಿರುಗಿದರೆ ಗೋಡೆ ಗಟ್ಟಿಯಾಗಿ ಸವರಿ ಹೋಗುತ್ತದೆ. ಮಣ್ಣಿನ ಕುಂಡದಲ್ಲಿ ನೆಟ್ಟ ಹಾಗೇ ಆಯಿತು. ಜುಲೈವರೆಗೆ ಕುಂಡದ ನೀರು ಕುಡಿದು ಬದುಕುತ್ತದೆ, ಆಗಸ್ಟ್‌ನಲ್ಲಿ ಆ ನೀರು ಮುಗಿದರೆ ಆಚೆ ಹೋಗಲು ಬೇರಿಗೆ ದಾರಿ ಇಲ್ಲ. ಟ್ಯಾಂಕರ್ ನೀರೂ ಆ ಕುಂಡದೊಳಗೇ ಬೀಳುತ್ತದೆ.

ಈಗಿರುವ ಗುಂಡಿಗಳ ಗೋಡೆಯನ್ನು ಬೇಸಿಗೆಯಲ್ಲೇ, ಒಣಗಿರುವಾಗ, ಹಾರೆಯಿಂದ ನಾಲ್ಕೂ ಕಡೆ ತಿವಿದು ಒಡೆಯಿರಿ. ಹೊಸದು ತೋಡುವುದಾದರೆ ಪಿಕಾಸಿಯಿಂದ, ಚೌಕವಾಗಿ. ಮೂಲೆ ಇದ್ದರೆ ಬೇರು ಸುತ್ತುವುದಿಲ್ಲ, ಮೂಲೆಯಲ್ಲಿ ನುಗ್ಗುತ್ತದೆ. ಪಾಕೀಟಿನ ಸಸಿ ನೆಡುವಾಗ ಕೆಳಗೆ ಸುರುಳಿ ಸುತ್ತಿದ ಬೇರನ್ನು ಬ್ಲೇಡಿನಿಂದ ಕತ್ತರಿಸಿ.

ಆದರೆ ಅದಕ್ಕೂ ಮೊದಲು ಮೇಲಿಂದ ಬರುವ ಪುಡಿ ನಿಲ್ಲಬೇಕು. ಹೊಲದ ಮೇಲ್ ಅಂಚಿಗೆ ಅಡ್ಡಲಾಗಿ ಒಂದು ಟ್ರೆಂಚ್, ಅದರ ಕೆಳಗೆ ಕಲ್ಲಿನ ಬದು, ಬದುವಿನ ಉದ್ದಕ್ಕೂ ಒತ್ತಾಗಿ ಲಾವಂಚ. ಮಟ್ಟಸ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಕಣ್ಣಳತೆ ನಂಬಬೇಡಿ, ಒಂದು ಕಡೆ ತಗ್ಗಾದರೂ ನೀರೆಲ್ಲ ಅಲ್ಲಿಗೇ ನುಗ್ಗಿ ಬದು ಒಡೆಯುತ್ತದೆ. ಗುಡ್ಡೆಯ ಮೇಲೆ ನೀವೇ ಹೋಗಿ ಕೆಲಸ ಮಾಡಬೇಡಿ. ಅದು ಅರಣ್ಯ ಭೂಮಿ ಆಗಿರಬಹುದು. ಗಣಿ ಪ್ರಕರಣದಲ್ಲಿ ಕೋರ್ಟ್ ಕೇಳಿದ ಪುನಶ್ಚೇತನ ಯೋಜನೆಗಳಲ್ಲಿ ಗುಡ್ಡೆಯ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ ಇವೆಲ್ಲ ಸೇರಿವೆ. ಫೋಟೋ ಸಮೇತ ಗಣಿ ಇಲಾಖೆಗೂ ಅರಣ್ಯ ಇಲಾಖೆಗೂ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಕುರಿಮಂದೆ, ಸಿಂಧನೂರು

ಗೊಬ್ಬರದ ವಿಷಯಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬಿಸಿ. ಕೆಲವು ರಾತ್ರಿ ಮಂದೆ ಕೂತರೆ ಹಿಕ್ಕೆ, ಗಂಜಲ ಎರಡೂ ಬೀಳುತ್ತದೆ, ಮೇಲಿನ ಚಕ್ಕೆಯೂ ಗೊರಸಿಗೆ ಒಡೆಯುತ್ತದೆ.

ಬೀಜದಬುಟ್ಟಿ, ಬಳ್ಳಾರಿ

ಅಣ್ಣಾ, ನಿಮ್ಮ ಮಾತು ಹೊಲಕ್ಕೆ ಸರಿ, ಇವರಿಗೆ ಸ್ವಲ್ಪ ಅಪಾಯ. ಬೇಸಿಗೆಯಲ್ಲಿ ಕುರಿ ತಿನ್ನುವುದೇ ಬಳ್ಳಾರಿ ಜಾಲಿ ಕಾಯಿ. ಬೀಜ ಹೊಟ್ಟೆಯಲ್ಲಿ ಸಾಯುವುದಿಲ್ಲ, ಗೊಬ್ಬರದ ಜೊತೆಗೇ ಬಿತ್ತನೆ ಆಗುತ್ತದೆ. ಜಾಲಿ ಊರೂರಿಗೆ ಹಬ್ಬಿರುವುದು ಹೀಗೇ ಅಲ್ವಾ. ಕುರಿ ಗೊಬ್ಬರವನ್ನು ಒಂದು ಕಡೆ ಗುಡ್ಡೆ ಹಾಕಿ, ನೀರು ಹಾಕಿ, ಚೆನ್ನಾಗಿ ಬಿಸಿಯೇರಿ ಕಳಿತ ಮೇಲೆ ಬಳಸಿದರೆ ಆ ಭಯ ತುಂಬಾ ಕಡಿಮೆ.

ಕೆಂಪುಹೊಲ ಅವರೇ, ನಾನು ಹೇಳುವುದು ಇನ್ನೊಂದು. ಈ ಜಾಗದಲ್ಲಿ ಮರ ಮೊದಲು ಅಲ್ಲ. ಬೋಳು ಕೆಂಪು ಮಣ್ಣು ಮೇ ಬಿಸಿಲಿಗೆ ಕಾದ ಹೆಂಚು, ಅದರ ಮೇಲೆ ನೇರವಾಗಿ ಮರದ ಸಸಿ ಇಟ್ಟರೆ ಅದು ಏನು ಮಾಡೀತು? ಮೊದಲು ಹುಲ್ಲು, ಆಮೇಲೆ ತಂಗಡಿ, ಬಂದರಿಕೆಯಂಥ ಪೊದೆ ಬರಲಿ. ತಂಗಡಿ, ಬಂದರಿಕೆ ಎರಡನ್ನೂ ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬೇಲಿ ಖರ್ಚು ಉಳಿಯಿತು. ಅವುಗಳ ನೆರಳಿನಲ್ಲಿ ಎಲೆ ಉದುರಿ, ಮಣ್ಣು ಸ್ವಲ್ಪ ಮೆತ್ತಗಾದ ಮೇಲೆ ತುಗ್ಗಲಿ, ಕಮರ, ದಿಂಡಿಗ ಬರಬೇಕು.

ಇವನ್ನೆಲ್ಲ ಬೀಜದಿಂದಲೇ ಮಾಡಿ. ತಂಗಡಿ, ಕಕ್ಕೆ, ಬಂದರಿಕೆ ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು ರಾತ್ರಿಯೆಲ್ಲ ಬಿಡಿ. ಬೀಜವನ್ನೇ ಕುದಿಸಬೇಡಿ. ಬೆಳಗ್ಗೆ ಉಬ್ಬಿದ್ದು ಬಿತ್ತನೆಗೆ ರೆಡಿ. ಆದರೆ ಎಲ್ಲ ಬೀಜಕ್ಕೂ ಹೀಗೆ ಮಾಡಬೇಡಿ, ಅರ್ಧ ಹಾಗೇ ಒಣ ಬೀಜ ಇರಲಿ, ಎರಡನ್ನೂ ಬೆರೆಸಿ ಬಿತ್ತಿ. ಈಗಿನ ಮಳೆ ನಂಬುವ ಹಾಗಿಲ್ಲ. 2023ರ ಆಗಸ್ಟ್ ನೆನಪಿದೆಯಲ್ಲ, 1901ರಿಂದ ಲೆಕ್ಕ ಇಟ್ಟಿರುವುದರಲ್ಲಿ ದೇಶದಲ್ಲೇ ಅತಿ ಒಣ ಆಗಸ್ಟ್ ಅದು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮೊದಲ ಮಳೆಗೆ ಎಲ್ಲ ಬೀಜ ಒಟ್ಟಿಗೆ ಮೊಳೆತು, ಮುಂದೆ ಮಳೆ ಹೋದರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತದೆ. ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ಕಾಯುತ್ತದೆ, ಮುಂದಿನ ಮಳೆಗೋ ಮುಂದಿನ ವರ್ಷಕ್ಕೋ ಏಳುತ್ತದೆ.

ಪಾಕೀಟಿನ ಸಸಿ ನೆಡಲೇಬೇಕು ಅಂದ್ರೆ ಜೂನ್ ಬೇಡ. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರಿನದು. ಉತ್ತರೆ ಮಳೆ ಬಿದ್ದು ಭೂಮಿ ಆಳವಾಗಿ ನೆಂದ ಮೇಲೆ ನೆಡಿ, ಹಸ್ತ ಮಳೆ ಬಂದರೆ ಅದೂ ಸಿಗುತ್ತದೆ. ಮೊದಲ ಬೇಸಿಗೆಗೆ ಮಾತ್ರ ನೀರು, ಬುಡಕ್ಕೆ ಮುಚ್ಚಿಗೆ ನಿಮ್ಮ ಜವಾಬ್ದಾರಿ.

ಕೆಂಪುಹೊಲ, ಸಂಡೂರು ತಾಲೂಕು

ಅಕ್ಕಾ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೇ ಪ್ರಶ್ನೆ. ಬಳ್ಳಾರಿ ಜಾಲಿಯನ್ನು ಜೆಸಿಬಿ ತರಿಸಿ ಒಂದೇ ಸಲ ತೆಗೆಸಿಬಿಡಲಾ? ಇಷ್ಟು ಬೀಜ ಎಲ್ಲಿಂದ ತರುವುದು?

ಬದುವಿನಬೇವು, ಕುಷ್ಟಗಿ

ಒಂದೇ ಸಲ ಬೇಡ. ಈಗ ಆ ಇಳಿಜಾರಿನಲ್ಲಿ ಮಣ್ಣು ಹಿಡಿದಿರುವುದು ಅದೊಂದೇ. ಇಳಿಜಾರಿಗೆ ಅಡ್ಡವಾಗಿ ಪಟ್ಟಿ ಪಟ್ಟಿಯಾಗಿ ತೆಗೆಯಿರಿ, ಒಂದು ಪಟ್ಟಿ ತೆಗೆದು ಒಂದು ಬಿಡಿ, ತೆಗೆದ ಜಾಗದಲ್ಲಿ ತಂಗಡಿ ನಿಂತ ಮೇಲೆ ಉಳಿದದ್ದು. ನೆಲಮಟ್ಟಕ್ಕೆ ಕಡಿದರೆ ಬುಡದ ಕಣ್ಣುಗಳಿಂದ ಹತ್ತು ಕವಲು ಬರುತ್ತದೆ. ನಿಮಗೆ ಆಗಿರುವುದು ಅದೇ. ಮಳೆಗೆ ಮಣ್ಣು ಮೆತ್ತಗಾದಾಗ ಬುಡ ಬಿಡಿಸಿ, ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ, ಅರ್ಧದಿಂದ ಒಂದು ಅಡಿ ಆಳದಲ್ಲಿ ಕತ್ತರಿಸಿ. ಕಡಿದ ಮುಳ್ಳಿನ ಕೊಂಬೆಯನ್ನು ಬಿತ್ತಿದ ಪಟ್ಟಿಯ ಸುತ್ತ ಹಾಕಿ, ದನ ಬರುವುದಿಲ್ಲ. ಕಾಯಿ ಇರುವ ಕೊಂಬೆ ಮಾತ್ರ ಹಾಕಬೇಡಿ.

ಬೀಜದಬುಟ್ಟಿ, ಬಳ್ಳಾರಿ

ಬೀಜಕ್ಕೆ ಕಾಡಿಗೆ ಹೋಗಬೇಡಿ, ಅಲ್ಲಿಂದ ತರಲು ಅನುಮತಿ ಬೇಕು. ನಿಮ್ಮೂರ ಬದು, ರಸ್ತೆ ಪಕ್ಕ, ಕೆರೆ ಏರಿ ನೋಡಿ. ಅಲ್ಲೇ ಬಿಸಿಲು ತಡೆದು ನಿಂತಿರುವ ಗಿಡದ ಬೀಜವೇ ನಿಮಗೆ ಒಳ್ಳೆಯದು. ಒಂದೇ ಮರದ್ದು ತರಬೇಡಿ, ಹತ್ತಾರು ಗಿಡದ್ದು ಬೆರೆಸಿ. ತಂಗಡಿ, ಕಮರ ಬೀಜ ಒಣಗಿಸಿ ಬಟ್ಟೆ ಚೀಲದಲ್ಲಿ ಇಟ್ಟರೆ ಮಳೆಗಾಲದವರೆಗೆ ಕೆಡುವುದಿಲ್ಲ. ಬೇವಿನ ಬೀಜ ಮಾತ್ರ ಇಡಬೇಡಿ, ಕೆಲವೇ ವಾರದಲ್ಲಿ ಜೀವ ಹೋಗುತ್ತದೆ, ಹಣ್ಣು ಉದುರಿದ ತಕ್ಷಣ ತಿರುಳು ತೊಳೆದು ಬಿತ್ತಬೇಕು. ಬಿತ್ತುವಾಗ ಆ ಗಿಡಗಳ ಬುಡದ ಮಣ್ಣು ಒಂದೊಂದು ಹಿಡಿ ಬೀಜಕ್ಕೆ ಬೆರೆಸಿ, ಬೇರಿಗೆ ಬೇಕಾದ ಸೂಕ್ಷ್ಮಜೀವಿಗಳು ಅದರಲ್ಲಿ ಬರುತ್ತವೆ. ಮೊದಲ ಮಳೆ ಆದ ಮೇಲೆ ಮೊಳಕೆಯ ಫೋಟೋ ಹಾಕಿ. ತಂಗಡಿಯನ್ನೂ ಕಾಂಗ್ರೆಸ್ ಹುಲ್ಲನ್ನೂ ಚಿಕ್ಕದರಲ್ಲೇ ಬೇರ್ಪಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಕಳೆ ತೆಗೆಯುವವರು ಎರಡನ್ನೂ ಕಿತ್ತುಬಿಡುತ್ತಾರೆ.