ಅಪ್‌ಡೇಟ್: ಗಂಜಿ–ಅಯೋಡಿನ್ ಪ್ರಯೋಗ ಕೊನೆಗೂ ಸರಿಹೋಯ್ತು

ಏಳನೇ ಕ್ಲಾಸಿಗೆ ಜೀರ್ಣಕ್ರಿಯೆ ತೋರಿಸುವಾಗ, ಎಂಜಲು ಬೆರೆಸಿದ ಗಂಜಿಯೂ ಅಯೋಡಿನ್‌ಗೆ ಕಡುನೀಲಿ ಆಗುತ್ತಿದೆ, ಯಾಕೆ ಅಂತ ಕೇಳಿದ್ದೆ ಅಲ್ವಾ? (ನೀಲಿ ಅಂದ್ರೆ ಪಿಷ್ಟ ಇನ್ನೂ ಉಳಿದಿದೆ ಅಂತ.) ತಪ್ಪು ಸಿಕ್ಕಿತು. ಒಲೆಯಿಂದ ಇಳಿಸಿದ ಬಿಸಿ ಗಂಜಿಗೇ ಎಂಜಲು ಹಾಕಿಸುತ್ತಿದ್ದೆ. ಅಷ್ಟು ಬಿಸಿಗೆ ಎಂಜಲಿನ ಅಮೈಲೇಸ್ (ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ) ಕೆಟ್ಟುಹೋಗುತ್ತದೆ.

ಈ ಸಲ ತಿಳಿ ಗಂಜಿಯನ್ನು ಚೆನ್ನಾಗಿ ಆರಿಸಿ ಎರಡು ಲೋಟಕ್ಕೆ ಸುರಿದೆ. ಒಂದಕ್ಕೆ ಮಾತ್ರ ಒಂದು ಚಮಚ ಎಂಜಲು. ಎರಡನ್ನೂ ಸುಮಾರು 37 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಇಟ್ಟೆವು. ಐದು ನಿಮಿಷಕ್ಕೊಮ್ಮೆ ಬಿಳಿ ತಟ್ಟೆಗೆ ಒಂದು ಹನಿ ಗಂಜಿ, ಅದರ ಮೇಲೆ ಒಂದು ಹನಿ ಅಯೋಡಿನ್. ಮೊದಲ ಹನಿ ಕಡುನೀಲಿ. ಆಮೇಲಿನದು ಕಂದುಗೆಂಪು. 20 ನಿಮಿಷಕ್ಕೆ ಅಯೋಡಿನ್ನಿನ ಹಳದಿಯೇ ಉಳಿಯಿತು! ಎಂಜಲಿಲ್ಲದ ಲೋಟದ್ದು ಕೊನೆತನಕ ನೀಲಿ. ಹಿಂದಿನ ಸಾಲಿನವರು ಬೆಂಚು ಹತ್ತಿ ನೋಡಿದರು.

"ಹಾಗಾದ್ರೆ ಪಿಷ್ಟ ಎಲ್ಲಿ ಹೋಯ್ತು ಮಿಸ್?" ಅಂದಳು ಒಬ್ಬ ಹುಡುಗಿ. ಎಲ್ಲರಿಗೂ ಒಂದೊಂದು ತುತ್ತು ಅನ್ನ ಕೊಟ್ಟು, ನುಂಗದೆ ಎರಡು ನಿಮಿಷ ಅಗಿಯಲು ಹೇಳಿದೆ. (ಅಯೋಡಿನ್ ಮುಟ್ಟದ, ಬೇರೆ ಡಬ್ಬಿಯ ಅನ್ನ. ಇದು ಮುಖ್ಯ.) ಆ ಹುಡುಗಿಯೇ ಮೊದಲು ಕೈ ಎತ್ತಿ, "ಸಿಹಿ ಆಯ್ತು!" ಅಂದಳು.

ಪಿತ್ತರಸದ ಕೆಲಸ ತೋರಿಸೋ ಎಣ್ಣೆ–ಸೋಪಿನ ಪ್ರಯೋಗ ಸೋಮವಾರ.