ಮದುವೆ ಫೋಟೋ ಬಿಟ್ಟು ಊರೂರು ಸುತ್ತಿ ಬರೆದು ಬದುಕೋಕಾಗುತ್ತಾ?

ಬೆಣ್ಣೆದೋಸೆ_24_70
ದಾವಣಗೆರೆಯಲ್ಲಿ ಮದುವೆ ಫೋಟೋ ಕೆಲಸ. ಆಷಾಢದಲ್ಲಿ ಹೇಗೂ ಕೈ ಖಾಲಿ. ಫುಲ್‌ಫ್ರೇಮ್ ಬಾಡಿ, 24-70, 50 ಎಂಎಂ ಲೆನ್ಸ್ ಇವೆ. ದುರ್ಗದ ಕೋಟೆ, ಸೂಳೆಕೆರೆ, ಸಂತೇಬೆನ್ನೂರು ಹೊಂಡ ಎಲ್ಲ ತೆಗೆದು ಪುರವಣಿಗಳಿಗೂ ಆನ್‌ಲೈನ್‌ನಲ್ಲಿ ಫೋಟೋ ಮಾರೋ ಸ್ಟಾಕ್ ಸೈಟ್‌ಗಳಿಗೂ ಕೊಟ್ಟರೆ ತಿಂಗಳ ಖರ್ಚು ಹುಟ್ಟುತ್ತಾ? ಟ್ರೈಪಾಡ್, ಡ್ರೋನ್ ಬಿಡ್ತಾರಾ?

ಕಲ್ಲಿನಕೋಟೆ
ಸ್ಟಾಕ್ ನಂಬಿ ಮದುವೆ ಬಿಡಬೇಡಿ. ಅಡೋಬ್ ಸ್ಟಾಕ್‌ನಲ್ಲಿ ಫೋಟೋಗೆ ನಮ್ಮ ಪಾಲು ಶೇ 33, ಕನಿಷ್ಠ 25 ಡಾಲರ್ ಸೇರದೆ ದುಡ್ಡು ತೆಗೆಯೋಕಾಗಲ್ಲ. ಡೌನ್‌ಲೋಡಿಗೆ 33 ಸೆಂಟ್ ಅಂತ ಹಿಡಿದರೂ 76 ಡೌನ್‌ಲೋಡ್ ಬೇಕು. ಷಟರ್‌ಸ್ಟಾಕ್ ಶೇ 15ರಿಂದ ಶುರು. ಮಾರಾಟ ಹೆಚ್ಚಿದಂತೆ ಮೇಲಿನ ಮೆಟ್ಟಿಲು ಹತ್ತಿದರೂ ಪ್ರತಿ ಜನವರಿಗೆ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಸ್ತಾರೆ.

ಓಬವ್ವನ ಕಿಂಡಿ ಫೋಟೋ ಯಾರ ಹತ್ತಿರ ಇಲ್ಲ ಹೇಳಿ? ಮಂಡಕ್ಕಿ ಹುರಿಯೋ ಭಟ್ಟಿ, ಮೊಳಕಾಲ್ಮುರು ರೇಷ್ಮೆ ಮಗ್ಗ ಇಂಥವು ಕಡಿಮೆ. ಆದರೆ ಮುಖ ಗುರುತು ಸಿಗೋ ಹಾಗಿದ್ದರೆ ಮಾಡೆಲ್ ರಿಲೀಸ್‌ಗೆ (ಫೋಟೋದಲ್ಲಿರೋರ ಒಪ್ಪಿಗೆ ಪತ್ರ) ಸಹಿ ಹಾಕಿಸ್ಕೊಳ್ಳಿ. ಇಲ್ಲದಿದ್ದರೆ ಜಾಹೀರಾತಿಗೆ ಮಾರೋ ಹಾಗಿಲ್ಲ. ನಾಯಕನಹಟ್ಟಿ ತೇರಿನ ಜನಜಂಗುಳಿಯಂಥದ್ದು ಎಡಿಟೋರಿಯಲ್‌ಗೆ (ಸುದ್ದಿ, ಲೇಖನದ ಬಳಕೆಗೆ) ಮಾತ್ರ ಹೋಗುತ್ತೆ. ಊರು, ದೇಶ, ತಾರೀಖು ಅಡಿಬರಹದಲ್ಲಿ ಇರಲೇಬೇಕು.

ಏರಿಮೇಲಿನ ಗಾಳಿ
ಕೋಟೆ, ಸಂತೇಬೆನ್ನೂರು ಎರಡೂ ಕೇಂದ್ರ ಪುರಾತತ್ವ ಇಲಾಖೆ ಸುಪರ್ದಿ. ಕೈಯಲ್ಲಿ ಹಿಡಿದು ತೆಗೆಯೋದಕ್ಕೆ ಅಡ್ಡಿ ಇಲ್ಲ. ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಲಿಖಿತ ಅನುಮತಿ ಬೇಕು. ಗೇಟಲ್ಲಿ ನಿಂತು ಕಾವಲುಗಾರನ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಅದು ಅವರ ಕೈಯಲ್ಲಿಲ್ಲ. ಅಲ್ಲದೆ ಆಷಾಢದ ಗಾಳಿಗೆ ಬೆಟ್ಟದ ಮೇಲೆ ಟ್ರೈಪಾಡೇ ನಡುಗುತ್ತೆ ಮಾರಾಯ್ರೆ. ಹೊಂಡದ ಮಂಟಪದ ನೆರಳು ನೀರಲ್ಲಿ ಒಡೆಯದೆ ಬೇಕಂದ್ರೆ ಗಾಳಿ ಏಳೋ ಮುಂಚೆ, ಬೆಳಗಿನ ಜಾವವೇ ಹೋಗಬೇಕು.

ಬರಹದ ವಿಷಯ: 'ಸೂಳೆಕೆರೆ ಸೊಬಗು' ಅಂತ ಕಳಿಸಿದರೆ ಸಂಪಾದಕರು ತೆರೆದೂ ನೋಡಲ್ಲ. ಕೆರೆಯಿಂದ ಹೊರಡೋ ಸಿದ್ದನಾಲೆ, ಬಸವನಾಲೆ ಹಿಡಿದು ಕೊನೇ ಹೊಲದವರೆಗೆ ಹೋಗಿ, ನೀರು ಯಾರಿಗೆ ಮುಟ್ಟುತ್ತೆ ಯಾರಿಗಿಲ್ಲ ಅಂತ ಬರೆದರೆ ಅದು ಲೇಖನ. 600 ಪದ, 6 ಫೋಟೋ, ಪ್ರತಿ ಫೋಟೋಗೂ ಅಡಿಬರಹ ಒಟ್ಟಿಗೇ ಕಳಿಸಿ. ಒಂದಾದರೂ ನಿಲುವಾದ (ವರ್ಟಿಕಲ್) ಫ್ರೇಮ್ ಇರಲಿ, ಪುಟ ಕಟ್ಟೋರಿಗೆ ಬೇಕಾಗುತ್ತೆ.

ಪಹಣಿ_ಪತ್ರ
ಎಲ್ಲರೂ ಮರೆಯೋದು ಹಕ್ಕು. ರೆಸಾರ್ಟ್‌ನವರು ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಅವರದ್ದೇ. ಅದೇ ಫೋಟೋ ಆಮೇಲೆ ಪತ್ರಿಕೆಗೆ ಕೊಟ್ಟರೆ ತಕರಾರು. ಹಾಗಾಗಿ ಕೆಲಸಕ್ಕೆ ಮುಂಚೆಯೇ 'ಹಕ್ಕು ಛಾಯಾಗ್ರಾಹಕನದು, ನಿಮಗೆ ಬಳಕೆಗೆ 2 ವರ್ಷ ಅನುಮತಿ' ಅಂತ ಮೇಲ್‌ನಲ್ಲಿ ಬರೆದು, 'ಒಪ್ಪಿಗೆ' ಅಂತ ಉತ್ತರ ತರಿಸ್ಕೊಳ್ಳಿ. ಹಕ್ಕನ್ನೇ ಬರೆದುಕೊಡೋದಾದರೆ ಅವಧಿ ನಮೂದಿಸಿ. ನಮೂದಿಸದಿದ್ದರೆ 19ನೇ ಕಲಂ 5 ವರ್ಷ ಅಂತ ಹಿಡಿಯುತ್ತೆ.

ದುಡ್ಡು ಕೊಡುವಾಗಲೇ ಟಿಡಿಎಸ್ ಅಂತ ಶೇ 10 ತೆರಿಗೆ ಹಿಡಿದಿದ್ದರೆ ರಿಟರ್ನ್ ಹಾಕಿ, ತೆರಿಗೆ ಬೀಳದಿದ್ದರೆ ವಾಪಸ್ ಬರುತ್ತೆ. ಜಿಎಸ್‌ಟಿ ಚಿಂತೆ ವರ್ಷಕ್ಕೆ 20 ಲಕ್ಷ ದಾಟಿದಾಗ ಮಾಡಿ.

ಬೆಣ್ಣೆದೋಸೆ_24_70
ಮದುವೆ ಬಿಡಲ್ಲ ಬಿಡಿ. ಆಷಾಢಕ್ಕೆ ಭಟ್ಟಿಯಿಂದಲೇ ಶುರು ಮಾಡ್ತೀನಿ. ಒಳಗೆ ಕತ್ತಲು, ಫ್ಲ್ಯಾಶ್ ಹಾಕಲಾ?

ಕಲ್ಲಿನಕೋಟೆ
ಬೇಡವೇ ಬೇಡ. ಗಾಳಿಯಲ್ಲಿರೋ ಬೂದಿ, ಧೂಳಿಗೆ ಬೆಳಕು ಬಡಿದು ಫ್ರೇಮ್ ತುಂಬ ಬಿಳಿ ಚುಕ್ಕೆ ಬೀಳುತ್ತೆ. ಒಲೆ ಬೆಂಕಿಯೇ ಸಾಕು: ಎಫ್ 2.8, ಐಎಸ್ಒ 3200ರಿಂದ 6400. ಕಾದ ಮರಳಿಗೆ ಬಿದ್ದ ಅಕ್ಕಿ ಅರಳಿ ಎಗರೋದು ನಿಲ್ಲಬೇಕಂದ್ರೆ ಷಟರ್ 1/500 ಸೆಕೆಂಡ್, ಜರಡಿ ಆಡೋ ಕೈ ಮಸುಕಾಗಬೇಕಂದ್ರೆ 1/15, ಆಗ ಐಎಸ್ಒ ತಕ್ಕಂತೆ ಇಳಿಸಿ. ಸುತ್ತ ಕತ್ತಲಿರೋದರಿಂದ ಕ್ಯಾಮೆರಾದ ಬೆಳಕಿನ ಮೀಟರ್ ಮೋಸ ಮಾಡಿ ಮಂಡಕ್ಕಿ ರಾಶಿ ಸುಣ್ಣ ಬಳಿದ ಹಾಗೆ ಬರುತ್ತೆ, ಎಕ್ಸ್‌ಪೋಶರ್ 1 ಸ್ಟಾಪ್ ಇಳಿಸಿ. 24-70 ಹೊರಗೇ ಹಾಕ್ಕೊಂಡು ಹೋಗಿ, ಒಳಗೆ ಲೆನ್ಸ್ ಬಿಚ್ಚಬೇಡಿ. ಆಮೇಲೆ ಮುಂದಿನ ಗಾಜನ್ನ ಅಂಗಿ ತುದಿಯಲ್ಲಿ ಒರೆಸೋಕೆ ಹೋಗಬೇಡಿ, ಮರಳಿನ ಕಣ ಗೀರುತ್ತೆ. ಕ್ಯಾಮೆರಾ ಮುಖ ಕೆಳಗೆ ಮಾಡಿ ಬ್ಲೋವರ್‌ನಲ್ಲಿ ಊದಿದ ಮೇಲೇ ಬಟ್ಟೆ.